ತವರುಮನೆಗೆ ಯಾರಾದರೂ ಟಿಪ್ಸು ಕೊಡುತ್ತಾರೆಯೇ?

ಏನೂ ಮಾಡದೆ ಸುಮ್ಮನೆ ಕೂತಿದ್ದು ಒಳ್ಳೆಯವರು ಅನ್ನಿಸಿಕೊಳ್ಳುವ ಅವಕಾಶ ಮನುಷ್ಯರಿಗೆ ಪದೇ ಪದೇ ಸಿಗುವುದಿಲ್ಲ. ಒಳ್ಳೆಯವರಾಗಬೇಕಾದರೆ ಸಾಮಾನ್ಯವಾಗಿ ಏನಾದರೂ ಒಂದು ಕಷ್ಟ ಪಡಲೇಬೇಕು. ಬಸ್ಸಿನಲ್ಲಿ ಎದ್ದು ಸೀಟು ಬಿಡಬೇಕು, ಸಾವಿನ ಮನೆಗೆ ಹೋಗಿ ಕೂರಬೇಕು, ಬೀಗರ ಮನೆಯ ಉಪ್ಪಿಲ್ಲದ ಸಾರನ್ನು ಹೊಗಳಬೇಕು. ನನಗೆ ಮಾತ್ರ ದೇವರು ಅಂಥದೊಂದು ಅವಕಾಶವನ್ನು ಪುಕ್ಕಟೆಯಾಗಿ ಕೊಟ್ಟಿದ್ದ. ಹಡಗಿನಲ್ಲಿ ನಮಗೆ ಹಾಸಿಗೆ ಹಾಸಿದವರಿಗೆ, ಊಟ ಬಡಿಸಿದವರಿಗೆ, ಪಾತ್ರೆ ತೊಳೆದವರಿಗೆ ಸೇರಬೇಕಾದ ಟಿಪ್ಸು ತಾನಾಗಿಯೇ ನಮ್ಮ ಬಿಲ್ಲಿಗೆ ಬಂದು ಸೇರಿಕೊಂಡಿತ್ತು. ನಾನು ಮಾಡಬೇಕಾಗಿದ್ದ ಕೆಲಸವೆಂದರೆ ಸುಮ್ಮನಿರುವುದು. ಅಷ್ಟನ್ನೂ ನಾನು ಮಾಡಲಿಲ್ಲ. ಎದ್ದು ಹೋಗಿ ಬಾಯಿ ಬಿಟ್ಟೆ. ಮಾರನೆಯ ದಿನ ಬಾಯಿ ಬಿಟ್ಟು ಮಾತಾಡಲೇಬೇಕಾದ ಹೊತ್ತು ಬಂದಾಗ, ಹುಟ್ಟಿದಾಗಿನಿಂದ ಕಾಣದ ಮೌನವೊಂದು ಎಲ್ಲಿಂದಲೋ ಬಂದು ನನ್ನ ನಾಲಿಗೆಯ ಮೇಲೆ ಕೂತುಕೊಂಡಿತು. ಈಗ ಅದನ್ನೆಲ್ಲ ನೆನೆಸಿಕೊಂಡರೆ ಒಲೆಯ ಮುಂದೆ ನಿಂತಿರುವಾಗಲೂ ಕಿವಿ ಮಾತ್ರ ಬೇರೆಯಾಗಿ ಬಿಸಿಯಾಗುತ್ತದೆ.

ಟಿಪ್ಸು ಎಂದರೇನೆಂದು ತಿಳಿಯದೆ ಹಾಗೆ ಮಾಡಿದೆ ಎಂದು ಹೇಳಿ ತಪ್ಪಿಸಿಕೊಳ್ಳುವ ಹಾಗೂ ಇಲ್ಲ. ಹೊಳೆನರಸೀಪುರದಲ್ಲಿ ನಮ್ಮದೊಂದು ಮುದ್ದೆ ಊಟದ ಮೆಸ್ಸಿದೆ. ನಾನು ಓದಿದ್ದು ಏಳನೇ ಕ್ಲಾಸಾದರೂ, ಉಂಡು ಕೈತೊಳೆದು ಬರುವ ಮನುಷ್ಯನ ಮುಖ ನೋಡಿ ಅವನು ಲೋಟದ ಕೆಳಗೆ ಏನಾದರೂ ಇಟ್ಟು ಬಂದಿದ್ದಾನೋ ಇಲ್ಲವೋ ಎಂದು ಹೇಳಬಲ್ಲೆ. ನಮ್ಮಲ್ಲಿ ಎಲೆ ತೆಗೆದು ಮೇಜು ಒರೆಸುವವಳು ಹರದನಹಳ್ಳಿಯ ಸಾಕಮ್ಮ. ಲೋಟದ ಕೆಳಗಿನ ಕಾಸು ಅವಳದು. ಯಾರಾದರೂ ದೊಡ್ಡ ಮನುಷ್ಯರು ಬರಿಗೈಲಿ ಎದ್ದು ಹೊರಟರೆ ನಾನು ಗಲ್ಲಾದಿಂದಲೇ ಕೂಗುತ್ತೇನೆ. “ಸಾಕಮ್ಮಾ, ಸಾಹೇಬ್ರಿಗೆ ಸಾರು ರುಚಿ ಅತ್ಲಿಲ್ವೇನೋ ಕೇಳೇ!” ಆ ಸಾಹೇಬರು ಜೇಬು ತಡಕುತ್ತಾ ವಾಪಸ್ಸು ಬರಲೇಬೇಕು. ಇಷ್ಟು ತಿಳಿದವಳು ನಾನು. ತಿಳಿದವರು ಮಾಡುವ ತಪ್ಪು ತಿಳಿಯದವರ ತಪ್ಪಿಗಿಂತ ಹೆಚ್ಚು ಅಚ್ಚುಕಟ್ಟಾಗಿರುತ್ತದೆ ಎನ್ನುವುದೊಂದೇ ಇದರಿಂದ ನಾನು ಕಲಿತ ಪಾಠ.

ಇನ್ನು ನಾನು ಹಡಗು ಹತ್ತಿದ್ದು ಹೇಗೆಂದು ಹೇಳಬೇಕು. ನನಗೊಬ್ಬ ತಮ್ಮನಿದ್ದಾನೆ, ಲೋಕೇಶ. ನಾವೆಲ್ಲ ಕರೆಯುವುದು ಲೋಕಿ ಎಂದು. ನಮ್ಮವ್ವ ತೀರಿಕೊಂಡಾಗ ಅವನಿನ್ನೂ ಚಿಕ್ಕವನು. ನಾನು ಮದುವೆಯಾಗಿ ಬರುವಾಗ ಪಾತ್ರೆ ಪಗಡದ ಜೊತೆ ಅವನನ್ನೂ ಕರೆದುಕೊಂಡೇ ಬಂದೆ. ನಮ್ಮನೆಯವರು ಒಂದು ದಿನವೂ ಬೇಡವೆನ್ನಲಿಲ್ಲ. ಲೋಕಿ ಹಾಸನದಲ್ಲಿ ಹೋಟೆಲ್ ಕೆಲಸದ ಕೋರ್ಸು ಓದಿ, ಅಲ್ಲೇ ಒಂದು ಲಾಡ್ಜಿನಲ್ಲಿ ಬಡಿಸುವ ಕೆಲಸಕ್ಕೆ ನಿಂತ. ಮೊದಲನೇ ದಿನ ಸಿಕ್ಕಿದ ಟಿಪ್ಸಿನ ನೋಟನ್ನು ನಾಲ್ಕು ಮಡಿಕೆ ಮಾಡಿ ತಂದು ನನ್ನ ಕೈಗೇ ಕೊಟ್ಟಿದ್ದ. ನಾನದನ್ನು ದೇವರ ಫೋಟೋದ ಹಿಂದೆ ಇಟ್ಟು ಕೈಮುಗಿದಿದ್ದೆ. ಅಲ್ಲಿಂದ ಅವನು ಹಡಗಿಗೆ ಹೋದ. ನಮ್ಮ ಮೆಸ್ಸಿನಲ್ಲಿ ದಿನಾ ಬೆಳಿಗ್ಗೆ ಗರಗರ ಎನ್ನುವ ಗ್ರೈಂಡರು ಬಂದದ್ದು ಯಾರೋ ಕಾಣದ ದೇಶದವರು ಅವನಿಗೆ ಕೊಟ್ಟ ಟಿಪ್ಸಿನಿಂದ. ಇದೂ ನನಗೆ ಗೊತ್ತಿತ್ತು. ನನ್ನ ಕಥೆಯಲ್ಲಿ ನನಗೆ ಗೊತ್ತಿಲ್ಲದ್ದು ಎನ್ನುವುದು ಬಹಳ ಕಡಿಮೆ.

ಹಡಗಿನಲ್ಲಿ ಕೆಲಸ ಮಾಡುವವರ ಮನೆಯವರಿಗೆ ಟಿಕೆಟ್ಟಿನಲ್ಲಿ ರಿಯಾಯಿತಿ ಉಂಟಂತೆ. ಕೊಚ್ಚಿಯಿಂದ ಹೊರಟು ದ್ವೀಪಗಳನ್ನು ನೋಡಿಕೊಂಡು ಮತ್ತೆ ಕೊಚ್ಚಿಗೇ ಬರುವ ಪ್ರಯಾಣ. “ಒಂದ್ಸಲ ಬಂದೋಗಕ್ಕ, ನಾನೆಲ್ಲಿ ದುಡಿತೀನಿ ಅಂತ ನೋಡ್ದಂಗಾಯ್ತದೆ” ಎಂದು ಲೋಕಿ ಬಹಳ ದಿನದಿಂದ ಹೇಳುತ್ತಿದ್ದ. ನನಗೆ ನೀರು ಕಂಡರೆ ಹೆದರಿಕೆ. ಅಲ್ಲಿಯವರೆಗೆ ನಾನು ನೀರಿನ ಮೇಲೆ ಹೋಗಿದ್ದೆಂದರೆ ಶೆಟ್ಟಿಹಳ್ಳಿಯ ಹಿನ್ನೀರಿನಲ್ಲಿ, ಮುಳುಗಿದ ಚರ್ಚನ್ನು ನೋಡಲು, ಮೀನು ಹಿಡಿಯುವವನೊಬ್ಬನ ತೆಪ್ಪದಲ್ಲಿ. ಎಷ್ಟು ಕೊಡಬೇಕಪ್ಪ ಎಂದರೆ ಅವನು “ನಿಮ್ಮಿಷ್ಟ ಕಣಕ್ಕ” ಎಂದಿದ್ದ. ನಿಮ್ಮಿಷ್ಟ ಎನ್ನುವುದಕ್ಕಿಂತ ದುಬಾರಿಯಾದ ಮಾತು ಕನ್ನಡದಲ್ಲಿಲ್ಲ. ಕೊಟ್ಟದ್ದು ಕಮ್ಮಿಯಾಯಿತೋ ಜಾಸ್ತಿಯಾಯಿತೋ ಎಂದು ಊರು ತಲುಪುವವರೆಗೂ ನಾನೂ ನಮ್ಮನೆಯವರೂ ಜಗಳವಾಡಿದ್ದೆವು.

ಆದರೂ ಹೊರಟೆ. ಯಾಕೆಂದರೆ ಅವ್ವ ಹೋದ ಮೇಲೆ ಹಳೇಕೋಟೆಯ ನಮ್ಮ ಮನೆ ದಾಯಾದಿಗಳ ಪಾಲಾಗಿತ್ತು. ಹಬ್ಬ ಬಂತೆಂದರೆ ಬೀದಿಯ ಹೆಂಗಸರೆಲ್ಲ ತವರಿಗೆ ಹೊರಡುತ್ತಿದ್ದರು, ನಾನು ಮೆಸ್ಸಿನ ಬಾಗಿಲಲ್ಲಿ ನಿಂತು ಅವರ ಬ್ಯಾಗುಗಳನ್ನು ನೋಡುತ್ತಿದ್ದೆ. ತವರೆಂದರೆ ಮನೆಯಲ್ಲ, ತಮ್ಮ. ತಮ್ಮ ಎಲ್ಲಿರುತ್ತಾನೋ ಅದೇ ತವರು. ಹೀಗೆ ಯೋಚಿಸಿ, ದೀಪಾವಳಿ ಕಳೆದ ಮೇಲೆ ನಾನು ಬೀದಿಗೆಲ್ಲ ಸಾರಿದೆ. “ನಾನೂ ತವ್ರಿಗ್ ಓಗ್ತಾ ಇವ್ನಿ ಕಣ್ರವ್ವ. ನಮ್ ತವ್ರು ನೀರ್ ಮ್ಯಾಲೈತೆ.” ಆ ಮಾತು ಎಷ್ಟು ಚೆನ್ನಾಗಿ ಕೇಳಿಸಿತೆಂದರೆ, ಅದನ್ನು ನಾನೇ ನಂಬಿಬಿಟ್ಟೆ. ಮುಂದಿನ ಅನಾಹುತಕ್ಕೆಲ್ಲ ಇದೇ ಮೂಲ.

ಹೊರಟವರು ಐದು ಜನ. ನಾನು, ನಮ್ಮನೆಯವರು, ಚನ್ನರಾಯಪಟ್ಟಣದಿಂದ ನಮ್ಮ ಚಿಕ್ಕಮ್ಮ, ಅರಕಲಗೂಡಿನಿಂದ ನನ್ನ ತಂಗಿ ಜಯ ಮತ್ತು ಅವಳ ಗಂಡ ಮಂಜಣ್ಣ. ಮಂಜಣ್ಣ ಬಸ್ ಕಂಡಕ್ಟರು. ತವರಿಗೆ ಬರಿಗೈಲಿ ಹೋಗಬಾರದೆಂದು ನಾನು ರಾಗಿ ಹಿಟ್ಟು, ಹುರುಳಿಕಾಳು, ಮಾವಿನಕಾಯಿ ಉಪ್ಪಿನಕಾಯಿಯ ಜಾಡಿ ಹೊತ್ತಿದ್ದೆ. ಹಡಗು ಹತ್ತುವ ಕಡೆ ಚೆಕ್ ಮಾಡುವವರು ಅದೆಲ್ಲವನ್ನೂ ತೆಗೆದಿಟ್ಟುಕೊಂಡರು. ಹೊರಗಿನ ಅಡುಗೆ ಪದಾರ್ಥ ಒಳಗೆ ಬಿಡುವುದಿಲ್ಲವಂತೆ. “ಒಳ್ಗಡೆ ಊಟ ಎಂಗಿರ್ತದೋ ಏನೋ, ಇಂಗೆ ಕಿತ್ಕೊಂಡವ್ರೆ ಅಂದ್ರೆ ಅವ್ರಿಗೇ ಇಲ್ಲ ಅಂತ ಕಾಣ್ತದೆ” ಎಂದರು ಚಿಕ್ಕಮ್ಮ.

ಊಟ ಹೇಗಿತ್ತೆಂದು ನಾನು ಹೇಳಹೊರಟರೆ ನನ್ನ ಮೆಸ್ಸಿಗೆ ಗಿರಾಕಿ ಬರುವುದು ನಿಂತುಹೋಗುತ್ತದೆ. ಬಡಿಸುವ ಜಾಗದಲ್ಲಿ ನಮ್ಮ ಲೋಕಿ ಕಪ್ಪು ಕೋಟು ಹಾಕಿಕೊಂಡು, ಒಂದು ಕೈ ಬೆನ್ನ ಹಿಂದೆ ಮಡಚಿಕೊಂಡು ನಿಂತಿದ್ದ. ಅವನನ್ನು ನೋಡಿ ನನಗೆ ಕಣ್ಣೀರೇ ಬಂತು. ಅವನ ಜೊತೆಯ ಕೆಲಸಗಾರರೆಲ್ಲ ಲೋಕಿಯ ಅಕ್ಕ ಬಂದಿದ್ದಾಳೆ ಎಂದು ಸರದಿಯಲ್ಲಿ ಬಂದು ಮಾತಾಡಿಸಿದರು. ಚಿಕ್ಕಮ್ಮನಿಗೆ ಮಂಡಿ ನೋವೆಂದು ಗಾಲಿ ಕುರ್ಚಿ ತಂದರು. ಅಡುಗೆಯವರು ಅವರಿಗೆಂದೇ ಮೆತ್ತಗಿನ ಅನ್ನ, ತಿಳಿಸಾರು ಮಾಡಿ ಕಳಿಸಿದರು. ನಮ್ಮ ರೂಮು ನೋಡಿಕೊಳ್ಳುವವನು ವಯಾನ್ ಎಂಬ ಹುಡುಗ. ಹುಡುಗ ಎಂದರೆ ಲೋಕಿಯ ವಯಸ್ಸಿನವನೇ, ಊರಿನಲ್ಲಿ ಹೆಂಡತಿ ಮಗಳು ಇದ್ದಾರೆ. ಇಂಡೋನೇಷಿಯಾದ ಬಾಲಿ ದ್ವೀಪದವನು. ಅಲ್ಲಿಯೂ ನಮ್ಮ ಹಾಗೆಯೇ ದಿನಾ ದೇವರಿಗೆ ಹೂವಿಡುತ್ತಾರಂತೆ. ಲೋಕಿ ಅವನಿಗೆ ಎರಡು ಮಾತು ಕನ್ನಡ ಕಲಿಸಿದ್ದ. “ಅಕ್ಕ, ಊಟ ಆಯ್ತಾ?” ಬೆಳಗಾಗೆದ್ದು ಬಾಗಿಲು ತೆಗೆದರೂ ಅವನು ಅದನ್ನೇ ಕೇಳುತ್ತಿದ್ದ. ಚಿಕ್ಕಮ್ಮ ಪ್ರತಿ ಸಲವೂ ಶ್ರದ್ಧೆಯಿಂದ ಉತ್ತರ ಕೊಡುತ್ತಿದ್ದರು. “ಇನ್ನೂ ಮಖ ತೊಳ್ದಿಲ್ಲ ಕಣಪ್ಪ.”

ಈ ವಯಾನನಿಂದ ನನಗೊಂದು ಪೀಕಲಾಟ ಶುರುವಾಯಿತು. ಅವನು ದಿನಾ ಬಂದು ಹಾಸಿಗೆ ಸರಿಮಾಡಿ, ಬಚ್ಚಲು ಪಾಯಿಖಾನೆ ತೊಳೆಯಬೇಕು, ಅದು ಅವನ ಕೆಲಸ. ಆದರೆ ನಾನು ಬಳಸಿದ ಬಚ್ಚಲನ್ನು ಇನ್ನೊಬ್ಬರ ಮಗ, ಅದೂ ನನ್ನನ್ನು ಅಕ್ಕ ಎಂದು ಕರೆಯುವವನು, ತೊಳೆಯುವುದೆಂದರೆ ಹೇಗೆ? ನಮ್ಮ ಕಡೆ ಹೆಂಗಸರಿಗೆ ಇದು ಸಾಧ್ಯವಿಲ್ಲದ ಮಾತು. ಹೆತ್ತ ಮಗ ತೊಳೆದರೂ ನಾಚಿಕೆ. ಹಾಗಾಗಿ ಅವನು ಬರುವ ಹೊತ್ತಿಗೆ ಮುಂಚೆಯೇ ನಾನು ಸೀರೆ ಎತ್ತಿ ಕಟ್ಟಿ, ತಲೆಗೆ ಹಾಕುವ ಶಾಂಪೂವನ್ನೇ ಸುರಿದು, ಬಚ್ಚಲನ್ನು ಉಜ್ಜಿ ಉಜ್ಜಿ ಫಳಫಳ ಮಾಡಿಡುತ್ತಿದ್ದೆ. ಹಾಸಿಗೆಯನ್ನೂ ಮಡಚಿ ಮೂಲೆಗೆ ಒಟ್ಟುತ್ತಿದ್ದೆ. ಅವನು ಬಂದು ನೋಡಿ, ಎರಡೂ ಕೈ ಆಡಿಸಿ “ನೋ ಅಕ್ಕ, ನೋ” ಎನ್ನುತ್ತಿದ್ದ. ಆಮೇಲೆ ನನ್ನ ಮನಸ್ಸಿಗೆ ಬೇಸರವಾಗದಂತೆ, ತೊಳೆದದ್ದನ್ನೇ ಇನ್ನೊಂದು ಸಲ ತೊಳೆದು ಹೋಗುತ್ತಿದ್ದ. “ಲೇ ಸರೋಜಿ, ಬಚ್ಚಲು ತೊಳ್ಯಾಕೆ ಇಲ್ಲೀಗಂಟ ಬರ್ಬೇಕಿತ್ತೇನೆ? ಅಲ್ಲೇ ಮೆಸ್ಸಲ್ಲಿರ್ಲಿಲ್ವ?” ಎಂದು ನಮ್ಮನೆಯವರು ನಗುತ್ತಿದ್ದರು.

ಹೀಗೆ ಸುಖವಾಗಿರುವಾಗ ಒಂದು ಸಂಜೆ ಮಂಜಣ್ಣ ನಮ್ಮ ರೂಮಿನ ಟಿವಿಯಲ್ಲಿ ಬಿಲ್ಲು ನೋಡುವುದು ಹೇಗೆಂದು ತೋರಿಸಿದ. ಕಂಡಕ್ಟರಾದ್ದರಿಂದ ಅವನಿಗೆ ಇಂಥದರಲ್ಲಿ ಆಸಕ್ತಿ. ಅದರಲ್ಲಿ ತಲೆಗಿಷ್ಟು, ದಿನಕ್ಕಿಷ್ಟು ಎಂದು ಟಿಪ್ಸಿನ ಬಾಬ್ತು ಕೂತಿತ್ತು.

“ಟಿಕೆಟ್ ತಗಂಡ್ಮೇಲೆ ಇದ್ಯಾವ್ದು ಬ್ಯಾರೆ?” ಎಂದ ಮಂಜಣ್ಣ. “ಕೊಡಂಗಿದ್ರೆ ಟಿಕೆಟ್ಟಲ್ಲೇ ಸೇರ್ಸ್‌ಬೇಕು ಕಣಕ್ಕ. ನಮ್ ಬಸ್ಸಲ್ಲಿ ಡ್ರೈವರ್‌ಗೆ ಬ್ಯಾರೆ, ಬಸ್ ತೊಳ್ಯೋರ್ಗೆ ಬ್ಯಾರೆ ಅಂತ ಕೇಳ್ತೀವಾ?”

“ನೀವು ಚಿಲ್ರೆ ವಾಪಸ್ ಕೊಡ್ದಲೆ ಅಂಗೇ ಇಳ್ಸ್‌ಬುಡ್ತೀರಲ್ಲ, ಅದೇ ನಿಮ್ ಟಿಪ್ಸು” ಎಂದಳು ಜಯ.

“ಬ್ಯಾಡ ಅಂದ್ರೆ ಕೌಂಟರ್‌ಗೋಗಿ ಯೋಳಿದ್ರೆ ತಗುದ್ ಆಕ್ತಾರಂತೆ. ವಿಚಾರ್ಸಿದೀನಿ” ಎಂದು ಮಂಜಣ್ಣ ಮಾತು ಮುಗಿಸಿದ. ವಿಚಾರಿಸಿದನೇ ಹೊರತು ತೆಗೆಸಲಿಲ್ಲ. ಅಷ್ಟು ಬುದ್ಧಿ ಅವನಿಗಿತ್ತು.

ಆಗ ಚಿಕ್ಕಮ್ಮ ಮಂಚದ ಮೇಲಿಂದ ಆ ಮಾತನ್ನಾಡಿದರು. “ಅಲ್ಲಾ ಕಣೆ ಸರೋಜಿ, ತವ್ರುಮನೇಲಿ ಉಂಡು ಟಿಪ್ಸು ಕೊಟ್ಟೋರ್ನ ಎಲ್ಲಾರ ಕಂಡಿದ್ದೀಯ? ತಮ್ಮನ್ ಕೈಗೆ ಭಕ್ಷೀಸು ಮಡಗಿದ್ರೆ ಅವ್ನಿಗೆ ಅವ್ಮಾನ ಅಲ್ವೇನೆ?”

ನನಗೆ ಅದು ವೇದವಾಕ್ಯದಂತೆ ಕೇಳಿಸಿತು. ಹೌದಲ್ಲ! ತಮ್ಮ ಅಕ್ಕನಿಗೆ ಬಾಗಿನ ಕೊಡಬೇಕು, ಮಡಿಲು ತುಂಬಬೇಕು. ಅಕ್ಕನೇ ತಮ್ಮನಿಗೆ ಲೋಟದ ಕೆಳಗೆ ಕಾಸಿಟ್ಟು ಬರುವುದೆಂದರೇನು? ಒಳಗೊಳಗೆ, ಉಳಿದ ದುಡ್ಡಿನಲ್ಲಿ ಕೊಚ್ಚಿಯಲ್ಲಿ ಒಂದು ಸೀರೆ ಬರುತ್ತದಲ್ಲ ಎಂಬ ಯೋಚನೆಯೂ ಇತ್ತು. ಆದರೆ ಅದನ್ನು ನಾನು ಅವಮಾನದ ಮಾತಿನ ಹಿಂದೆ ಚೆನ್ನಾಗಿ ಮುಚ್ಚಿಟ್ಟಿದ್ದೆ. “ಅಕ್ಕ, ಬ್ಯಾಡ ಕಣೆ, ಲೋಕಿ ಒಬ್ನಿಗೇ ಅಲ್ಲ ಅದು, ಎಲ್ಲಾರ್ಗೂ ಸೇರದು. ನಮ್ದಂತೂ ಇರ್ಲಿ” ಎಂದಳು ಜಯ. “ಮಡಗು ಅತ್ಲಾಗೆ, ದುಡ್ಡು ಓದ್ರೆ ಓಗ್ಲಿ” ಎಂದರು ನಮ್ಮನೆಯವರು. ಇಬ್ಬರ ಮಾತೂ ನನಗೆ ತವರಿನ ಮರ್ಯಾದೆ ತಿಳಿಯದವರ ಮಾತಿನಂತೆ ಕಂಡಿತು.

ಕೌಂಟರಿನಲ್ಲಿದ್ದ ಹುಡುಗಿಗೆ ಕನ್ನಡ ಬಾರದು. ನನ್ನ ಹಿಂದಿಯೋ, ಮೆಸ್ಸಿಗೆ ಬರುವ ಬಿಹಾರದ ಗಾರೆ ಕೆಲಸದವರಿಂದ ಕಲಿತದ್ದು. ಅದರಲ್ಲಿ ಅನ್ನ, ಸಾರು, ಖಾಲಿ ಆಯಿತು ಎನ್ನುವುದು ಬಿಟ್ಟರೆ ಹೆಚ್ಚೇನಿಲ್ಲ. ಅದರಲ್ಲೇ ಟಿಪ್ಸು ಬೇಡ, ತೆಗೆಯಿರಿ ಎಂದು ತಿಳಿಸಿದೆ. ಆ ಹುಡುಗಿ ಬಹಳ ವಿನಯದಿಂದ, ಸೇವೆಯಲ್ಲಿ ಏನಾದರೂ ಕೊರತೆಯಾಯಿತೇ ಎಂದು ಕೇಳಿದಳು. ಕಾರಣ ಕೇಳುತ್ತಾರೆಂದು ನಾನು ಎಣಿಸಿರಲಿಲ್ಲ. ಇದು ನನ್ನ ತವರು, ತವರಿನಲ್ಲಿ ಟಿಪ್ಸು ಕೊಡುವ ಪದ್ಧತಿಯಿಲ್ಲ ಎಂದು ಹೇಳಲು ಬಿಹಾರದವರು ನನಗೆ ಕಲಿಸಿರಲಿಲ್ಲ. ತಡವರಿಸಿದೆ. ಹಿಂದೆ ಸಾಲಿನಲ್ಲಿ ಜನ ನಿಂತಿದ್ದರು. ಬಾಯಿಗೆ ಬಂದದ್ದು ಒಂದೇ ಮಾತು. “ಬಾತ್‌ರೂಮ್ ಮೈ ಸಾಫ್ ಕಿಯಾ. ರೋಜ್.” ಬಚ್ಚಲನ್ನು ದಿನಾ ನಾನೇ ತೊಳೆದೆ.

ಹುಡುಗಿಯ ಮುಖದ ಬಣ್ಣ ಬದಲಾಯಿತು. “ಆಪ್‌ನೇ?” ನೀವೇ ತೊಳೆದಿರಾ ಎಂದು ಇನ್ನೊಂದು ಸಲ ಕೇಳಿದಳು. ಅವಳು ಏನು ತಿಳಿದುಕೊಂಡಳು ಎಂಬುದು ನನಗೆ ಆ ಕ್ಷಣವೇ ಗೊತ್ತಾಯಿತು. ಅಯ್ಯೋ ಹಾಗಲ್ಲಮ್ಮ, ಅವನು ತೊಳೆಯಲು ಬರುತ್ತಿದ್ದ, ನಾನೇ ಬಿಡಲಿಲ್ಲ ಎಂದು ಕೈಸನ್ನೆಯಲ್ಲಾದರೂ ಹೇಳಬಹುದಿತ್ತು. ಅಷ್ಟರಲ್ಲಿ ಅವಳ ಬೆರಳುಗಳು ಕಂಪ್ಯೂಟರಿನ ಮೇಲೆ ಓಡುತ್ತಿದ್ದವು, ಬಿಲ್ಲಿನಿಂದ ಟಿಪ್ಸು ಮಾಯವಾಗುತ್ತಿತ್ತು. ನಾನು “ಹಾಂ” ಎಂದೆ. ನಾನು ಆಡಿದ್ದು ಪೂರಾ ಸತ್ಯ. ಒಂದು ಅಕ್ಷರವೂ ಸುಳ್ಳಿಲ್ಲ. ಸತ್ಯವನ್ನೇ ಹೇಳಿ ಇಷ್ಟು ದೊಡ್ಡ ಸುಳ್ಳನ್ನು ಕಟ್ಟಿ ನಿಲ್ಲಿಸಬಹುದು ಎನ್ನುವುದನ್ನು ಏಳನೇ ಕ್ಲಾಸಿನವರೆಗೆ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಸ್ವಂತ ಬುದ್ಧಿಯಿಂದಲೇ ಕಲಿತೆ.

ಮಾರನೆಯ ದಿನ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ನೋಡಿದರೆ ರೂಮುಗಳ ಮೇಲ್ವಿಚಾರಣೆ ಮಾಡುವ ಐರಿನ್ ಮೇಡಂ. ಮಂಗಳೂರಿನವರು, ಒಳ್ಳೆಯ ಕನ್ನಡ. ಕೈಯಲ್ಲಿ ಹಣ್ಣಿನ ಬುಟ್ಟಿ. ಅವರ ಹಿಂದೆ ವಯಾನ್ ತಲೆ ತಗ್ಗಿಸಿ ನಿಂತಿದ್ದಾನೆ.

“ಅಮ್ಮ, ನಮ್ಮ ಕಡೆಯಿಂದ ದೊಡ್ಡ ತಪ್ಪಾಗಿದೆ. ನೀವೇ ಬಾತ್‌ರೂಮ್ ತೊಳೆಯುವ ಹಾಗಾಯ್ತಂತೆ. ಇವನ ಹತ್ತಿರ ಕೇಳಿದ್ರೆ ಏನೂ ಹೇಳುವುದಿಲ್ಲ. ನೀವು ಬೇಜಾರು ಮಾಡ್ಕೊಳ್ಬೇಡಿ ಆಯ್ತಾ?” ಎಂದರು ಅವರು.

“ಸಾರಿ, ಅಕ್ಕ” ಎಂದ ವಯಾನ್. ಅಂದು ಅವನು ಊಟ ಆಯ್ತಾ ಎಂದು ಕೇಳಲಿಲ್ಲ.

ಮುಂದೆ ನಿಂತಿರುವವರು ಕನ್ನಡದವರು. ಭಾಷೆ ಬಾರದು ಎಂಬ ನೆವವೂ ನನಗಿರಲಿಲ್ಲ. ನಮ್ಮನೆಯವರು ನನ್ನನ್ನೇ ನೋಡಿದರು, ಆಮೇಲೆ ಸೂರು ನೋಡತೊಡಗಿದರು. ಗಲ್ಲಾದಲ್ಲಿ ಕೂತು ಬೀದಿಗೆಲ್ಲ ಕೇಳುವಂತೆ ಕೂಗುವ ನಾನು ಕೈಚಾಚಿ ಹಣ್ಣಿನ ಬುಟ್ಟಿ ತೆಗೆದುಕೊಂಡು, “ಪರ್ವಾಗಿಲ್ಲ ಬುಡಿ” ಎಂದೆ. ನೋಡಿ, ಕ್ಷಮಿಸಿಯೂಬಿಟ್ಟೆ! ಅವರು ಹೋದ ಮೇಲೆ ಚಿಕ್ಕಮ್ಮ ದ್ರಾಕ್ಷಿ ಬಿಡಿಸಿ ಬಾಯಿಗೆ ಹಾಕಿಕೊಳ್ಳುತ್ತಾ, “ತವ್ರುಮನೆಯೋರು ಅಂದ್ರೆ ಇಂಗಿರ್ಬೇಕು ಕಣೆ” ಎಂದರು. ನಾನೂ ಎರಡು ತಿಂದೆ. ಸಿಹಿಯಾಗಿಯೇ ಇದ್ದವು, ಅದೇ ಇನ್ನೂ ನಾಚಿಕೆ.

ಅಂದು ಊಟಕ್ಕೆ ಹೋದರೆ ಲೋಕಿ ಎಂದಿನಂತೆ ಬಂದು ನಿಂತ. ನನ್ನ ತಟ್ಟೆಯ ಪಕ್ಕ ನೀರಿನ ಲೋಟ ಇಟ್ಟು, ಬೆನ್ನ ಹಿಂದೆ ಕೈ ಮಡಚಿ, “ಇನ್ನೇನಾದ್ರೂ ಬೇಕಾ, ಮೇಡಂ?” ಎಂದ.

ಚಿಕ್ಕಮ್ಮನಿಗೆ ನಗು. “ಏನ್ಲಾ, ಅಕ್ಕನ್ನ ಮೇಡಮ್ಮು ಅಂತೀಯ?”

“ಕಂಪ್ಲೇಂಟ್ ಕೊಟ್ಟಿರೋ ಗೆಸ್ಟಿಗೆ ಮೇಡಂ ಅನ್ಬೇಕು ಚಿಕ್ಕಮ್ಮ. ಇಲ್ಲಿ ರೂಲ್ಸು” ಎಂದ ಲೋಕಿ. ನಗಲಿಲ್ಲ. ನಾನು ಎತ್ತಿ ಬೆಳೆಸಿದವನು, ಜ್ವರ ಬಂದರೆ ನನ್ನ ಸೆರಗು ಹಿಡಿದು ಮಲಗುತ್ತಿದ್ದವನು, ನನ್ನನ್ನು ಮೇಡಂ ಎಂದ. ಅವನು ಬೈದಿದ್ದರೆ ನಾನು ತಿರುಗಿ ಬೈದು, ಅತ್ತು, ಗೆದ್ದುಬಿಡುತ್ತಿದ್ದೆ. ಮೇಡಂ ಎಂದವನಿಗೆ ತಿರುಗಿ ಏನು ಹೇಳುವುದು?

ಇಳಿಯುವ ದಿನ ನಮ್ಮ ಬ್ಯಾಗು ತಂದುಕೊಡುವಾಗ ಅವನು ತಗ್ಗಿದ ದನಿಯಲ್ಲಿ ಹೇಳಿದ್ದಿಷ್ಟೇ. “ಟಿಪ್ಸ್ ಓದ್ರೆ ಓಗ್ಲಿ. ಆ ವಯಾನ ಒಂದ್ ಮಾತು, ಆ ಅಮ್ಮನೇ ತೊಳ್ಕೊತಿದ್ರು ಅಂತ ಅಂದಿದ್ರೆ ಅವ್ನ್ ತಲೆ ಮ್ಯಾಲೆ ಏನೂ ಬರ್ತಿರ್ಲಿಲ್ಲ. ಲೋಕಿ ಅಕ್ಕನ್ನ ಸುಳ್ಳಿ ಮಾಡದು ಬ್ಯಾಡ ಅಂತ ಸುಮ್ಕಾದ. ನೀನೂ ಸುಮ್ಕಾದೆ.” ನಾನು ಬಗ್ಗಿ ಬ್ಯಾಗಿನ ಜಿಪ್ಪು ಸರಿಮಾಡುತ್ತಿರುವವಳಂತೆ ನಟಿಸಿದೆ. ಆ ಬ್ಯಾಗಿನೊಳಗೆ ರೂಮಿನಲ್ಲಿಟ್ಟಿದ್ದ ಸೋಪುಗಳು, ಟೀ ಪುಡಿಯ ಪೊಟ್ಟಣಗಳು, ಸಕ್ಕರೆಯ ಪೊಟ್ಟಣಗಳು ತುಂಬಿದ್ದವು. ತವರಿನಿಂದ ಬರಿಗೈಲಿ ಬರಬಾರದಲ್ಲ.

ಊರಿಗೆ ಬಂದು ಆ ಸೋಪುಗಳನ್ನು ಬೀದಿಗೆಲ್ಲ ಹಂಚಿದೆ. “ತವ್ರು ಎಂಗಿತ್ತು ಸರೋಜಕ್ಕ?” ಎಂದು ಕೇಳಿದರೆ “ಬಾಳ ಚೆಂದಾಗಿತ್ತು” ಎನ್ನುತ್ತಿದ್ದೆ. ಪ್ರತಿ ಭಾನುವಾರ ನನಗೆ ಫೋನು ಮಾಡುತ್ತಿದ್ದ ಲೋಕಿ ಈಗ ನಮ್ಮನೆಯವರ ನಂಬರಿಗೆ ಮಾಡತೊಡಗಿದ. ನಾನು ಪಕ್ಕದಲ್ಲೇ ನಿಂತು, ಅವರು “ಹೂಂ, ಚೆನ್ನಾಗವ್ಳೆ” ಎನ್ನುವುದನ್ನು ಕೇಳಿಸಿಕೊಂಡು, ಅವಳು ನಾನೇ ಇರಬೇಕು ಎಂದುಕೊಳ್ಳುತ್ತಿದ್ದೆ. ತೆಗೆಸಿದ್ದ ಟಿಪ್ಸಿನ ದುಡ್ಡನ್ನು ನಮ್ಮನೆಯವರ ಕೈಲಿ ಲೋಕಿಯ ಖಾತೆಗೆ ಹಾಕಿಸಿದೆ. ಸಂಜೆಯೊಳಗೆ ಅದು ವಾಪಸ್ಸು ಬಂತು. ಸಾಕಮ್ಮನಿಗೆ ಗಿರಾಕಿಗಳಿಂದ ಟಿಪ್ಸು ಕೇಳುವುದನ್ನೂ ನಿಲ್ಲಿಸಿದೆ. ಯಾವ ಬಾಯಿಂದ ಕೇಳಲಿ? ಪಾಪ, ಅದರಿಂದ ನಷ್ಟವಾದದ್ದು ಅವಳಿಗೇ. ನಾನು ಪಶ್ಚಾತ್ತಾಪ ಪಟ್ಟರೂ ಅದರ ಖರ್ಚು ಬೇರೆಯವರದೇ.

ಹಡಗಿನ ಟಿಕೆಟ್ಟಿನಲ್ಲಿಯೇ ಟಿಪ್ಸು ಸೇರಿರಬೇಕೋ ಬೇಡವೋ ಎಂದು ಈಚೆಗೆ ನಾನು ಬಹಳ ಯೋಚಿಸಿದ್ದೇನೆ. ಮುದ್ದೆ ತಿರುವುವಾಗ ಬೇರೆ ಯೋಚನೆಗೆ ಅಡ್ಡಿಯಿಲ್ಲ. ಸೇರಿಸಿದರೆ ಕಂಪನಿಯವರು ಅದನ್ನು ತಮ್ಮದೇ ಲೆಕ್ಕಕ್ಕೆ ನುಂಗಿಕೊಂಡಾರು ಎಂದು ಕೆಲಸದವರಲ್ಲಿ ಕೆಲವರಿಗೆ ಭಯವಂತೆ. ಕೈಗೆ ಕೊಟ್ಟರೆ ಕೊಡುವವರು ಮುಖವನ್ನಾದರೂ ನೋಡುತ್ತಾರೆ ಎನ್ನುವವರೂ ಇದ್ದಾರಂತೆ. ಇದೆಲ್ಲ ಲೋಕಿ ಹಿಂದೊಮ್ಮೆ ಹೇಳಿದ್ದು. ಅವನ ಮಟ್ಟಿಗೆ ಟಿಕೆಟ್ಟಿನಲ್ಲೇ ಸೇರಲಿ, ನಗು ಬಾರದ ದಿನವೂ ನಗುತ್ತಾ ನಿಲ್ಲುವುದು ತಪ್ಪುತ್ತದೆ ಎಂದು. ನಾನೂ ಈಗ ಸೇರಲಿ ಎನ್ನುವ ಕಡೆಯವಳೇ. ಆದರೆ ನನ್ನ ಕಾರಣ ಬೇರೆ. ಜನ ಒಳ್ಳೆಯವರಾಗಬೇಕೋ ಬೇಡವೋ ಎನ್ನುವುದನ್ನು ಅವರ ಇಷ್ಟಕ್ಕೆ ಬಿಡಬಾರದು. ಕೆಲವರ ಕೈಗೆ ಆ ಇಷ್ಟ ಸಿಕ್ಕಿದರೆ ಅವರು ಕೌಂಟರಿನ ತನಕ ನಡೆದುಕೊಂಡು ಹೋಗಿ ಕೆಟ್ಟವರಾಗುತ್ತಾರೆ. ಕೆಲಸದವರ ಕಾಸು ಉಳಿಯುವುದಂತೂ ಸರಿಯೇ, ನನ್ನಂಥವರ ಮಾನವೂ ಟಿಕೆಟ್ಟಿನ ಜೊತೆ ಪಾವತಿಯಾಗಿ ಹೋಗಲಿ.

ಅಷ್ಟರಲ್ಲಿ ಲೋಕಿ ರಜೆಗೆ ಬಂದ ಸುದ್ದಿ ಬಂತು. ಯಾವತ್ತೂ ಹಾಸನದಲ್ಲಿಳಿದು ನೇರ ನಮ್ಮನೆಗೆ ಬರುವವನು, ಈ ಸಲ ಅರಕಲಗೂಡಿಗೆ, ಜಯಳ ಮನೆಗೆ ಹೋಗಿದ್ದ. ಅಲ್ಲಿಂದಲೇ ವಾಪಸ್ಸು ಹೋಗುತ್ತಾನಂತೆ. ಅದನ್ನು ಕೇಳಿ ನಾನು ಮೆಸ್ಸಿನಲ್ಲಿ ಮಾಡಿದ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಅವನು ನಮ್ಮನೆ ಹೊಸಿಲು ತುಳಿಯದೆ ಹೋದರೆ ಮುಂದಿನ ಸಲವೂ ತುಳಿಯುವುದಿಲ್ಲ. ಆಮೇಲೆ ನನಗೆ ನೆಲದ ಮೇಲೂ ತವರಿಲ್ಲ, ನೀರಿನ ಮೇಲೂ ಇಲ್ಲ.

ನಮ್ಮ ಕಡೆ ಕ್ಷಮೆ ಕೇಳುವುದು ಬಾಯಿಂದಲ್ಲ, ಬಾಣಲೆಯಿಂದ. ನಮ್ಮನೆಯವರು ನನ್ನ ಮೇಲೆ ಮಿತಿಮೀರಿ ರೇಗಿದ ಮಾರನೆಯ ದಿನ ಒಂದು ಮೊಳ ಹೂವು ತಂದು ಗೂಡಿನಲ್ಲಿಡುತ್ತಾರೆ. ನಾನು ರೇಗಿದ್ದರೆ ಪಾಯಸ ಮಾಡುತ್ತೇನೆ. ತಪ್ಪಾಯಿತು ಎನ್ನುವ ಮಾತನ್ನು ದೇವರ ಮುಂದೆ ಕೆನ್ನೆ ಬಡಿದುಕೊಳ್ಳುವಾಗ ಬಿಟ್ಟು ಇನ್ನೆಲ್ಲೂ ಬಳಸಿದ ನೆನಪಿಲ್ಲ. ಹಾಗಾಗಿ ನಾನು ಕಜ್ಜಾಯ ಸುಟ್ಟುಕೊಂಡು ಡಬ್ಬಿ ತುಂಬಿ ಅರಕಲಗೂಡಿನ ಬಸ್ಸು ಹತ್ತಿದೆ. ಹೆಂಗಸರಿಗೆ ಬಸ್ಸು ಬಿಟ್ಟಿ. ಟಿಪ್ಸು ಉಳಿಸಿದವಳು ಕ್ಷಮೆ ಕೇಳುವುದಕ್ಕೂ ಕಾಸು ಕೊಡದೆ ಹೊರಟಳು.

ಲೋಕಿ ಜಯಳ ಮನೆಯ ಜಗಲಿಯ ಮೇಲೆ ಕೂತಿದ್ದ. ಒಂದು ಕಜ್ಜಾಯ ತಿಂದು “ಚೆನ್ನಾಗೈತೆ” ಎಂದ. ಅಕ್ಕ ಎನ್ನಲಿಲ್ಲ. ಇನ್ನೊಂದು ಕೊಟ್ಟೆ, ತಿಂದ. ಆಗಲೂ ಎನ್ನಲಿಲ್ಲ.

“ನನ್ ಮ್ಯಾಲೆ ಇನ್ನೂ ಕ್ವಾಪಾನೇನ್ಲಾ?”

“ನಂದೇನೈತೆ. ವಯಾನನ್ನ ರೂಮಿನ್ ಕೆಲ್ಸದಿಂದ ತಗುದ್ರು. ಕೆಳಗಡೆ ಬಟ್ಟೆ ಒಗ್ಯೋ ಕಡೆ ಆಕವ್ರೆ. ಅಲ್ಲಿ ಆವಿ, ಸೆಕೆ. ಗೆಸ್ಟಿನ ಮಖಾನೇ ಕಾಣಾಕಿಲ್ಲ. ಮುಂದಿನ ಸಲ ಕರ್ಕೊತಾರೋ ಇಲ್ವೋ.”

“ಅವ್ನಿಗೂ ಒಂದ್ ಡಬ್ಬಿ ಕಜ್ಜಾಯ ಕೊಡ್ತೀನಿ, ತಗಂಡೋಗು.”

ಲೋಕಿ ಡಬ್ಬಿಯ ಮುಚ್ಚಳ ಹಾಕಿದ. “ಕಜ್ಜಾಯ ನೋಡಿ ಕೆಲ್ಸ ವಾಪಸ್ ಕೊಡ್ತಾರಾ? ನಾನು ಅವ್ರಿಗೆಲ್ಲ ಏನಂತ ಯೋಳಿದ್ದೆ ಗೊತ್ತಾ? ನಮ್ಮಕ್ಕ ಬತ್ತಾವ್ಳೆ, ನಮ್ಮವ್ವ ಇದ್ದಂಗೆ ಅಂತ. ಅದ್ಕೇ ಕಣೆ ಅವ್ನು ಬಾಯ್ ಬುಡ್ದೆ ಇದ್ದಿದ್ದು.”

“ಇನ್ನೇನ್ ಮಾಡ್ಲಿ ಯೋಳ್ಲಾ ನಾನು?”

“ಯೋಳು. ಬಾಯ್ ಬುಟ್ಟು ಯೋಳು. ಐರಿನ್ ಮೇಡಂ ಈಗ ಡ್ಯೂಟೀಲವ್ರೆ.” ಎನ್ನುತ್ತಲೇ ಅವನು ವಿಡಿಯೋ ಕಾಲಿಗೆ ಒತ್ತಿಯೇಬಿಟ್ಟ.

“ಇಲ್ಲಿ ನೆಟ್‌ವರ್ಕ್ ಸಿಗಾಕಿಲ್ಲ ಕಣ್ಲಾ” ಎಂದೆ. ಅರಕಲಗೂಡಿನಲ್ಲಿ ಅಂದಿನಷ್ಟು ಒಳ್ಳೆಯ ನೆಟ್‌ವರ್ಕ್ ಯಾವತ್ತೂ ಸಿಕ್ಕಿರಲಾರದು. ಐರಿನ್ ಮೇಡಂ ಎದುರಿಗೇ ಕೂತ ಹಾಗೆ ಬಂದರು. ನಾನು ಕೂದಲು ಸರಿಮಾಡಿಕೊಂಡೆ. ಚೆನ್ನಾಗಿದ್ದೀರಾ ಎಂದೆ. ಊಟವಾಯಿತೇ ಎಂದೆ. ಅಲ್ಲಿ ಮಳೆಯೇನಾದರೂ ಬಂತೇ, ನೀರಿಗೆ ತೊಂದರೆಯಿಲ್ಲ ತಾನೇ ಎಂದೆ. “ನಾವು ನೀರಿನ ಮೇಲೇ ಇದ್ದೇವಲ್ಲಮ್ಮ” ಎಂದರು ಅವರು, ಏನೂ ಅರ್ಥವಾಗದೆ.

“ಅಕ್ಕ, ವಿಸ್ಯಕ್ಕೆ ಬಾ” ಎಂದಳು ಜಯ ಬಾಗಿಲಿಂದ. ಮಂಜಣ್ಣ ಕೆಲಸಕ್ಕೆ ಹೊರಟಿದ್ದವನು ಚಪ್ಪಲಿ ಮೆಟ್ಟಿಕೊಂಡು ಅಲ್ಲೇ ನಿಂತುಬಿಟ್ಟ. ಲೋಕಿ ಇಂಗ್ಲಿಷಿನಲ್ಲಿ ಏನೋ ಹೇಳಿದ, ಸ್ವಲ್ಪ ಹೊತ್ತಿಗೆ ಐರಿನ್ ಮೇಡಮ್ಮಿನ ಪಕ್ಕಕ್ಕೆ ವಯಾನ್ ಬಂದು ನಿಂತ. ಕೂದಲು ಹಣೆಗೆ ಅಂಟಿತ್ತು. ನನ್ನನ್ನು ಕಂಡು ಭಯದಿಂದಲೋ ಮರ್ಯಾದೆಯಿಂದಲೋ ಕೈಮುಗಿದ. ಅವನೇ ಮತ್ತೊಮ್ಮೆ ನನಗೆ ಸಾರಿ ಎಂದುಬಿಟ್ಟಾನೆಂದು ನನಗೆ ದಿಗಿಲಾಯಿತು. ಅವನು ಬಾಯಿ ತೆರೆಯುವ ಮೊದಲೇ ನಾನು ಶುರುಮಾಡಿದೆ. ಬರೆದುಕೊಂಡ ಮಾತಲ್ಲ, ಬಾಯಿಗೆ ಬಂದ ಹಾಗೆ, ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ.

“ಮೇಡಂ, ಆ ಹುಡ್ಗಂದು ಏನೂ ತೆಪ್ಪಿಲ್ಲ. ಅವ್ನು ದಿನಾ ಬಚ್ಚಲು ತೊಳ್ಯಾಕ್ ಬತ್ತಿದ್ದ, ನಾನೇ ನಾಚ್ಕಂಡು ಮುಂಚಿತ್ವಾಗಿ ತೊಳ್ದ್‌ಬುಡ್ತಿದ್ದೆ. ಟಿಪ್ಸ್ ಉಳ್ಸಾಕೆ ಅದ್ನೇ ಕಂಪ್ಲೇಂಟ್ ಮಾಡ್ದೆ. ನೀವು ಕೇಳಾಕ್ ಬಂದಾಗ ಗೊತ್ತಿದ್ದೂ ಸುಮ್ಕಿದ್ದೆ, ನಿಮ್ ದ್ರಾಕ್ಷೀನೂ ತಿಂದೆ. ನೀವು ಇದ್ನ ಯಾರ್ಗ್ ಯೋಳ್ಬೇಕೋ ಯೋಳಿ, ಎಲ್ ಸೈನ್ ಆಕು ಅಂದ್ರೂ ಆಕ್ತೀನಿ. ವಯಾನಪ್ಪ, ನಾನ್ ಯೋಳದು ನಿಂಗ್ ತಿಳೀತದೋ ಇಲ್ವೋ, ಲೋಕಿ ತಿಳ್ಸಿ ಯೋಳ್ತಾನೆ. ತೆಪ್ಪಾಯ್ತು ಕಣಪ್ಪ. ಲೋಕಿ, ಮಖ ಆಕಡೆ ತಿರುಗಿಸ್ಬ್ಯಾಡ ಕಣ್ಲಾ, ಇಲ್ನೋಡು. ನಿಂಗೂ ತೆಪ್ಪಾಯ್ತು.”